ಹೊಟ್ಟೆಯಲ್ಲಿ ಸಿಗದ್ದು

ಫೋನು ಬಂದಾಗ ಅವನ ಎಡಗೈ ಹೆಗಲವರೆಗೂ ಹಸುವಿನ ಒಳಗಿತ್ತು. ಗರ್ಭಕೋಶದ ಉಬ್ಬು ಬೆರಳ ತುದಿಗೆ ಸಿಕ್ಕಿಯೂ ಸಿಗದಂತೆ ಜಾರುತ್ತಿತ್ತು. ಹಸುವಿನ ಒಡೆಯ ಬಾಲವನ್ನು ಪಕ್ಕಕ್ಕೆ ಎಳೆದು ಹಿಡಿದುಕೊಂಡು, ಪರೀಕ್ಷೆ ಬರೆದದ್ದು ತಾನೇ ಎಂಬಂತೆ ಅವನ ಮುಖವನ್ನೇ ನೋಡುತ್ತಿದ್ದ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಸ್ವಲ್ಪ ತೆಗೆದು ಕಿವಿಗೆ ಹಿಡಿಯಯ್ಯಾ ಎಂದು ಕಾಂಪೌಂಡರನಿಗೆ ಹೇಳಿದರೆ ಆ ಪುಣ್ಯಾತ್ಮ ಏನನ್ನೋ ಒತ್ತಿ ಸ್ಪೀಕರು ಹಾಕಿಬಿಟ್ಟ. ಹೀಗಾಗಿ ಪ್ರಯೋಗಾಲಯದ ಮೇಡಂ ಹೇಳಿದ್ದು ಅವನೊಬ್ಬನಿಗಲ್ಲ, ದನದಾಸ್ಪತ್ರೆಯ ಅಂಗಳದಲ್ಲಿ ಮೇಕೆ, ಕರು, ಒಂದು ಕುಂಟುನಾಯಿ ಹಿಡಿದುಕೊಂಡು ನಿಂತಿದ್ದ ಅಷ್ಟೂ ಜನಕ್ಕೆ ಕೇಳಿಸಿತು. "ಏನೂ ಸಿಕ್ಕಿಲ್ಲ ಸರ್. ಮೂರೂ ಹಸುಗಳ ಹೊಟ್ಟೆಯ ಮೇವು ನೋಡಿದ್ವಿ. ಕೀಟನಾಶಕ ಯಾವುದೂ ಇಲ್ಲ, ಪೂರಾ ಕ್ಲೀನ್." ಅವನು ಕೈ ಹೊರಗೆ ತೆಗೆಯಲಿಲ್ಲ. ತೆಗೆದರೆ ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತು, ಸರಿಯಾಗಿ ನೋಡಿದಿರಾ ಎಂದು ಕೇಳಿದ. ಕೇಳಬಾರದಿತ್ತು. ಮೇಡಂ ಅವನಿಗಿಂತ ಎಷ್ಟೋ ಚಿಕ್ಕವಳು, ಆದರೆ ದನಿಯಲ್ಲಿ ಮೇಷ್ಟರ ಗತ್ತು. "ನೀವು ಕಳಿಸಿದ್ದನ್ನ ನೋಡಿದೀವಿ ಸರ್. ಕಳಿಸದೇ ಇದ್ದದ್ದನ್ನ ನಾವು ಎಲ್ಲಿಂದ ನೋಡೋದು?" ಕುಂಟುನಾಯಿಯ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕಾಂಪೌಂಡರ್ ಫೋನನ್ನು ಮತ್ತೆ ಜೇಬಿಗೆ ತುರುಕಿದ. ಹಸುವಿನ ಒಡೆಯ ಮಾತ್ರ ಇದೆಲ್ಲ ತನಗೆ ಸಂಬಂಧವಿಲ್ಲವೆಂಬಂತೆ, ಗಬ್ಬ ನಿಂತಿದೆಯಾ ಇಲ್ಲವಾ ಅಷ್ಟು ಹೇಳಿ ಡಾಕ್ಟ್ರೇ ಎಂದ. ನಿಂತಿದೆ ಎಂದು ಅವನು ಹೇಳಿದ. ಆಮೇಲೆ ನೆನಪಾಯಿತು, ಅದನ್ನು ಹೇಳುವ ಹೊತ್ತಿಗೆ ಬೆರಳುಗಳು ಏನನ್ನೂ ಮುಟ್ಟುತ್ತಿರಲಿಲ್ಲ ಎಂದು. ಮತ್ತೆ ಒಂದು ಸಲ ನೋಡುತ್ತೇನೆ ಎಂದು ನಾಚಿಕೆಗೆಟ್ಟು ಕೈಯನ್ನು ಮತ್ತೂ ಒಳಕ್ಕೆ ತೂರಿಸಿದ.

ಕ್ಲೀನ್ ಅಂತೆ. ಅವನಿಗೆ ಮೈಯೆಲ್ಲ ಉರಿಯಿತು. ತೊಟ್ಟಿಯ ಬಳಿ ಕೈಗವಸು ಕಿತ್ತೆಸೆದು ಸೋಪು ಹಚ್ಚಿಕೊಳ್ಳುತ್ತ ಅದನ್ನೇ ಮತ್ತೆ ಮತ್ತೆ ಅಂದುಕೊಂಡ. ತಾನು ನೋಡಿದ್ದಾದರೂ ಏನು ಹಾಗಾದರೆ? ಕೆಲವು ವಾರದ ಹಿಂದೆ ಅಕ್ಕನ ಕೊಟ್ಟಿಗೆಯಲ್ಲಿ ಆವತ್ತು ಬೆಳಿಗ್ಗೆ ಎರಡು ಹಸು ಆಗಲೇ ನಿಗುರಿಕೊಂಡು ಬಿದ್ದಿದ್ದವು, ಮೂರನೆಯದು ಅವನ ಕಣ್ಣೆದುರಿಗೇ ಹೋಯಿತು. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು. ತೊಡೆಯ ಮಾಂಸ ಚರ್ಮದ ಕೆಳಗೆ ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು. ಕಣ್ಣಿಗೆ ಟಾರ್ಚು ಬಿಟ್ಟರೆ ಅಡ್ಡಕ್ಕೆ ಅಗಲವಾಗಿರಬೇಕಾದ ಪಾಪೆ ಒಂದು ಗೀರಾಗಿ ಹೋಗಿತ್ತು. ಇಪ್ಪತ್ತು ವರ್ಷ ದನ ನೋಡಿದವನಿಗೆ ಇದು ಯಾವ ವಿಷವೆಂದು ಹೇಳಲು ಪ್ರಯೋಗಾಲಯ ಬೇಕೇ? ಗದ್ದೆಗೆ, ತೋಟಕ್ಕೆ ಹೊಡೆಯುವ ಔಷಧಿಯ ವಿಷ. ನರಕ್ಕೆ ಬ್ರೇಕೇ ಇಲ್ಲದಂತೆ ಮಾಡುವಂಥದ್ದು. ನಾಲ್ಕನೆಯದು, ಮೊದಲ ಸಲ ಗಬ್ಬವಾಗಿದ್ದ ಕಡಸು, ಕೊಟ್ಟಿಗೆಯ ಕೊನೆಯಲ್ಲಿ ನಿಂತು ನಡುಗುತ್ತಿತ್ತು. ಅದಕ್ಕೆ ಅಟ್ರೋಪಿನ್ ಚುಚ್ಚಿದ, ಸಂಜೆಯೊಳಗೆ ಅದು ಮೇವಿಗೆ ಬಾಯಿ ಹಾಕಿತು. ಬೇರೆ ಯಾವ ಕಾಯಿಲೆಗೂ ಆ ಚುಚ್ಚುಮದ್ದು ಹೀಗೆ ಹಿಡಿಯುವುದಿಲ್ಲ. ಸತ್ತ ಮೂರನ್ನೂ ಹಿತ್ತಲಲ್ಲೇ ಕೊಯ್ದು, ದೊಡ್ಡ ಹೊಟ್ಟೆಗೆ ಮೂಗಿಟ್ಟು ನೋಡಿದ್ದ. ವಾಸನೆ ಇತ್ತು, ಆಣೆ ಮಾಡಿ ಹೇಳಬಲ್ಲ, ಇತ್ತು. ಶೀಶೆ ತುಂಬ ಮೇವು ತೆಗೆದು ಐಸಿಟ್ಟು ಕಳಿಸಿದ್ದ. ಎಲ್ಲವನ್ನೂ ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದ್ದಕ್ಕೆ ಈಗ ಅಂಗಳದ ತುಂಬ ಜನರೆದುರು ಮಂಗಳಾರತಿ. ಸೋಪಿನ ನೊರೆ ಮೊಣಕೈವರೆಗೂ ಹತ್ತಿತ್ತು. ನಲ್ಲಿಯಲ್ಲಿ ನೀರು ನಿಂತುಹೋಗಿತ್ತು.

ಆದರೆ ಉರಿಸುತ್ತಿದ್ದುದು ಮೇಡಮ್ಮಿನ ಮಾತಲ್ಲ. ಅದು ಅವನಿಗೂ ಗೊತ್ತಿತ್ತು. ಆ ದಿನ ಹಿತ್ತಲಲ್ಲಿ ರಕ್ತದ ಕೈಯಲ್ಲಿ ನಿಂತಿದ್ದಾಗ ಅಕ್ಕ ಏನು ತಿಂದವೋ ಗುಂಡ, ಏನು ತಿಂದು ಸತ್ತವೋ ಎಂದು ಕೇಳಿದ್ದಳು. ಈಗ ಗುಂಡನೆಂಬ ಹೆಸರಿಗೆ ತಕ್ಕ ಮೈ ಅವನಿಗೆ ಉಳಿದಿಲ್ಲ, ಆದರೂ ಅಕ್ಕನ ಬಾಯಲ್ಲಿ ಅವನು ಗುಂಡನೇ. ಅವನೇ ಮೊದಲು ಅವಳನ್ನು ಕೇಳಿದ್ದ, ನಿನ್ನೆ ಏನು ತಿಂದವು ಎಂದು. ಅಂಗಳಕ್ಕೆ ಬರುವ ಪ್ರತಿಯೊಬ್ಬರನ್ನೂ ಅವನು ಕೇಳುವ ಪ್ರಶ್ನೆಯೇ ಅದು, ನಿದ್ದೆಗಣ್ಣಲ್ಲೂ ಕೇಳಬಲ್ಲ. ಅಕ್ಕ ಹುಲ್ಲು, ಹಿಂಡಿ ಎಂದೆಲ್ಲ ಹೇಳಿ, ಆಮೇಲೆ ಗೋಡೆಯಾಚೆಯಿಂದ ಬಂದ ಕೋಸಿನ ಎಲೆ ಎಂದಳು. ಗೋಡೆಯಾಚೆ ಅಂದರೆ ಅವಳ ವಾರಗಿತ್ತಿಯ ಮನೆ. ಒಂದೇ ಮನೆಯನ್ನು ಅಣ್ಣತಮ್ಮಂದಿರು ಎರಡು ಮಾಡಿಕೊಂಡದ್ದು. ಭಾವ ತೀರಿಕೊಂಡ ಮೇಲೂ ಅಕ್ಕ ಈ ಕಡೆ ಹಸು ಕಟ್ಟಿ ಹಾಲು ಮಾರಿಕೊಂಡಿದ್ದಳು, ಆ ಕಡೆಯವರು ತರಕಾರಿ ಬೆಳೆಯುತ್ತಿದ್ದರು, ಪೇಟೆಗೆ ಕಳಿಸುವ ಮೊದಲು ಕಿತ್ತ ಹೊರಗಿನ ಎಲೆಯನ್ನು ಬುಟ್ಟಿಗಟ್ಟಲೆ ಗೋಡೆಯ ಮೇಲಿಂದ ಹಸುಗಳಿಗೆ ಹಾಕುತ್ತಿದ್ದರು. ಎಷ್ಟೋ ವರ್ಷದಿಂದ ನಡೆದುಬಂದದ್ದು. ಎಲೆಗೆ ಔಷಧಿ ಹೊಡೆದಿದ್ದರಾ ಎಂದು ಅವನು ಕೇಳಿದ. ಅಕ್ಕನಿಗೆ ಗೊತ್ತಿರಲಿಲ್ಲ. "ಹಾಗಾದ್ರೆ ಅದೇ ಇರ್ಬೇಕು" ಎಂದುಬಿಟ್ಟ. ಅಷ್ಟೇ ಅಂದದ್ದು. ಅದನ್ನು ಹೇಳುವಾಗ ಚಾಕುವನ್ನು ಹುಲ್ಲಿಗೆ ಒರೆಸುತ್ತಿದ್ದ, ಅಕ್ಕನ ಮುಖವನ್ನೂ ನೋಡಿರಲಿಲ್ಲ. ಗೋಡೆಯಾಚೆ ನಿಂತು ಇಣುಕುತ್ತಿದ್ದ ವಾರಗಿತ್ತಿ, ಅವನು ಮೊದಲಿನಿಂದಲೂ ಚಿಕ್ಕಕ್ಕ ಎಂದು ಕರೆಯುವವಳು, ಅದೇ ಕೋಸನ್ನು ನಾವೂ ಬೇಯಿಸಿ ತಿಂದಿದೀವಲ್ಲ, ಈ ಸಲ ಔಷಧೀನೇ ಹೊಡೆದಿಲ್ಲವಲ್ಲ ಎಂದು ಹೇಳುತ್ತಲೇ ಇದ್ದಳು. ಅಕ್ಕ ಆಗಲೇ ಕಲ್ಲಾಗಿದ್ದಳು. ಅವನು ಚಿಕ್ಕಕ್ಕನ ಮಾತನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವನಂತೆ ಶೀಶೆಗಳಿಗೆ ಬಿರಡೆ ಹಾಕಿದ. ಎಲ್ಲರೂ ಹಾಗೇ ಹೇಳುವುದು, ಔಷಧಿ ಹೊಡೆದಿಲ್ಲ ಅಂತಲೇ.

ಈಗ ಓಣಿಯಲ್ಲಿ ಚಿಕ್ಕಕ್ಕನಿಗೆ ದನ ಕೊಂದವಳು ಎಂಬ ಹೆಸರು ಬಂದಿದೆ. ಅಕ್ಕ ಅದನ್ನು ಅಂಗಡಿಯಲ್ಲಿ, ನೀರಿನ ಸಾಲಿನಲ್ಲಿ, ಹಾಲು ಅಳೆಯುವ ಕಡೆ, ಎಲ್ಲೆಲ್ಲೂ ಹೇಳಿ ಮುಗಿಸಿದ್ದಾಳೆ, ಕೊನೆಗೆ ನನ್ನ ತಮ್ಮ ಡಾಕ್ಟ್ರೇ ಹೇಳಿದಾನೆ ಎಂಬ ಮುದ್ರೆಯನ್ನೂ ಒತ್ತಿ. ರಿಪೋರ್ಟು ಬಂದ ದಿನವೇ ಠಾಣೆಗೆ ಹೋಗುತ್ತೇನೆ, ಬರೆದು ಕೊಡುತ್ತೇನೆ, ಕೈಗೆ ಕೋಳ ಹಾಕಿಸುತ್ತೇನೆ ಎಂದು ಕೂತಿದ್ದಾಳೆ. ಇವತ್ತು ಬರುತ್ತದೆ ಎಂದು ಅವನೇ ತಿಳಿಸಿದ್ದ. ಹಾಗಿದ್ದರೆ ಅವಳು ಬೆಳಗಿನಿಂದಲೇ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ಕೂತಿರುತ್ತಾಳೆ. ಏನೂ ಸಿಕ್ಕಿಲ್ಲ ಎಂದು ಹೇಳಿದರೆ ಸರಿಯಾಗಿ ಹೋಯಿತು, ಚಿಕ್ಕಕ್ಕ ಬಚಾವು, ಎಲ್ಲ ಮುಗಿಯಿತು ಎಂದುಕೊಂಡರೆ ಮನಸ್ಸು ಒಪ್ಪುತ್ತಿರಲಿಲ್ಲ. ವಿಷ ಇದ್ದದ್ದು ಸುಳ್ಳಲ್ಲ. ಹೊಟ್ಟೆಯಲ್ಲಿ ಇಲ್ಲದ್ದೂ ಸುಳ್ಳಲ್ಲವಂತೆ. ಎರಡೂ ನಿಜವಾಗುವುದು ಹೇಗೆ? ಮಧ್ಯಾಹ್ನದವರೆಗೆ ಅವನು ಬಂದ ಜನರ ಮೇಲೆಲ್ಲ ರೇಗಿದ. ಮೇಕೆಯ ಮುದುಕನಿಗೆ ಏನು ತಿನ್ನಿಸಿದೆಯೋ ಎಂದು ಕೂಗಿದರೆ, ಆ ಮೇಕೆಗೆ ಕಾಲು ಮುರಿದಿತ್ತು. ಕಾಂಪೌಂಡರ್ ತಲೆ ತಗ್ಗಿಸಿಕೊಂಡು ಬ್ಯಾಂಡೇಜಿನ ಬಟ್ಟೆ ಹುಡುಕುತ್ತಿದ್ದ. ನಗುತ್ತಿದ್ದಾನೆಂದು ಅವನಿಗೆ ಗೊತ್ತಾಯಿತು.

ಅಕ್ಕನ ಓಣಿಗೆ ಸ್ಕೂಟರ್ ತಿರುಗಿಸಿದಾಗ ಬಿಸಿಲು ಚುರ್ರೆನ್ನುತ್ತಿತ್ತು. ಚಿಕ್ಕಕ್ಕ ಬಾಗಿಲಲ್ಲಿ ನಿಂತು ಬಕೆಟ್ಟಿನ ನೀರು ಚೆಲ್ಲುತ್ತಿದ್ದವಳು ಅವನನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ದಢಾರನೆ ಅಲ್ಲ, ಸದ್ದಾಗದಂತೆ, ಮಲಗಿದ ಮಗುವಿರುವ ಮನೆಯಲ್ಲಿ ಹಾಕುವ ಹಾಗೆ. ಅದು ಅವನಿಗೆ ಇನ್ನೂ ಹೆಚ್ಚು ಚುಚ್ಚಿತು. ಮೊದಲು ಈ ಓಣಿಗೆ ಬಂದರೆ ಅವಳದೇ ಮೊದಲ ಚಹಾ. ಅಕ್ಕನ ಮನೆಯಲ್ಲಿ ಸಕ್ಕರೆ ಕಡಿಮೆ, ಇಲ್ಲಿ ಕುಡಿದು ಹೋಗು ಎಂದು ಕರೆಯುತ್ತಿದ್ದಳು, ಅಕ್ಕ ಗೋಡೆಯಾಚೆಯಿಂದಲೇ ನನ್ನ ತಮ್ಮನಿಗೆ ಸಕ್ಕರೆ ಕಾಯಿಲೆ ತರಿಸಬೇಡ ಎಂದು ಕೂಗುತ್ತಿದ್ದಳು. ಭಾವ ಆಸ್ಪತ್ರೆಯಲ್ಲಿದ್ದಾಗ ತಿಂಗಳುಗಟ್ಟಲೆ ಈ ಹಸುಗಳನ್ನು ಕರೆದವಳು ಚಿಕ್ಕಕ್ಕನೇ. ಅವಳ ಕೈಗೆ ಬಿಟ್ಟರೆ ಬೇರೆ ಯಾರ ಕೈಗೂ ಅವುಗಳಲ್ಲಿನ ಕಪ್ಪು ಹಸು ಹಾಲು ಕೊಡುತ್ತಿರಲಿಲ್ಲ. ಅದೇ ಮೊದಲು ಸತ್ತದ್ದು. ಸ್ಕೂಟರಿನ ಸ್ಟ್ಯಾಂಡು ಮಣ್ಣಿನಲ್ಲಿ ಸಿಕ್ಕಿಕೊಂಡು ಸರಿಯಾಗಿ ನಿಲ್ಲಲಿಲ್ಲ, ಅದನ್ನು ಎರಡು ಸಲ ಒದ್ದ.

ಅವನು ಅಂದುಕೊಂಡ ಹಾಗೇ ಅಕ್ಕ ಒಳ್ಳೆಯ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಣ್ಣು ಬಾಡಿ ಹೋಗಿತ್ತು. ಕೊಟ್ಟಿಗೆಗೆ ಹೋಗಿ ಬಂದಾಗಲೆಲ್ಲ ತಲೆ ಸುತ್ತುತ್ತದೆ ಎಂದು ಹೇಳುತ್ತಲೇ ಇದ್ದಳು, ಅವನು ಊಟ ಸರಿಯಾಗಿ ಮಾಡು ಎಂದು ಹೇಳುತ್ತಲೇ ಇದ್ದ. ಬಂತಾ ಎಂದು ಕೇಳಿದಳು. ಬಂತು ಎಂದ. ಕೂತು ನೀರು ಕೇಳಿದ. ಅವಳು ಕೊಟ್ಟದ್ದನ್ನು ಪೂರ್ತಿ ಕುಡಿದ. ಏನೂ ಸಿಕ್ಕಿಲ್ಲವಂತೆ ಅಕ್ಕಾ, ಹೊಟ್ಟೆಯಲ್ಲಿ ಎಲೆ ಇತ್ತು, ಎಲೆಯಲ್ಲಿ ಔಷಧಿ ಇರಲಿಲ್ಲವಂತೆ ಎಂದು ಲೋಟದೊಳಗೆ ನೋಡುತ್ತ ಹೇಳಿದ. ಅಕ್ಕ ಮೊದಲು ಅರ್ಥವಾಗದವಳಂತೆ ನೋಡಿದಳು. ಆಮೇಲೆ ಶುರುವಾಯಿತು. ಪ್ರಯೋಗಾಲಯದವರಿಗೆ ಯಾರು ಕೈ ಬಿಸಿ ಮಾಡಿದರೋ ಯಾರಿಗೆ ಗೊತ್ತು, ಆ ಕಡೆಯವರು ಪೇಟೆಯಲ್ಲಿ ಓಡಾಡುವ ಜನ, ನಾನು ಸಗಣಿ ಬಾಚುವವಳು, ನನ್ನ ಕಡೆ ಯಾರು ಮಾತಾಡುತ್ತಾರೆ ಎಂದಳು. ನೀನೇ ಹೇಳಿದ್ದೆಯಲ್ಲ, ಎಲೆಯೇ ಅಂತ ನಿನ್ನ ಬಾಯಾರೆ ಹೇಳಿದ್ದೆಯಲ್ಲ ಎಂದಳು. ಇರಬೇಕು ಅಂದೆ, ಹೌದು ಅನ್ನಲಿಲ್ಲ ಎಂದು ಅವನು ಹೇಳಿದ. ಹೇಳುತ್ತಿದ್ದಂತೆ ತನ್ನ ಮಾತು ತನಗೇ ಅಸಹ್ಯವಾಯಿತು.

"ನೀನೂ ಅವಳ ಕಡೆ ಸೇರ್ಕೊಂಡ್ಯಾ ಗುಂಡ?"

ಅವನು ಖಾಲಿ ಲೋಟವನ್ನು ನೆಲಕ್ಕಿಟ್ಟ. ಏನೆಂದು ಹೇಳುವುದು? ವಿಷ ಹೌದು, ಎಲೆ ಅಲ್ಲ, ಮತ್ತೆ ಯಾವುದೆಂದು ನನಗೆ ಗೊತ್ತಿಲ್ಲ ಎಂದೇ? ಗೊತ್ತಿಲ್ಲ ಎಂಬ ಮಾತು ಡಾಕ್ಟರರ ಬಾಯಿಂದ ಬಂದರೆ ಜನ ಅದನ್ನು ಸುಳ್ಳೆಂದೇ ತಿಳಿಯುತ್ತಾರೆ. ನಾನು ಹೊರಟೆ, ರಿಪೋರ್ಟು ಇರಲಿ ಬಿಡಲಿ ಬರೆದುಕೊಡುತ್ತೇನೆ, ನಿನ್ನ ಹೆಸರನ್ನೂ ಹೇಳುತ್ತೇನೆ ಎಂದು ಅಕ್ಕ ಎದ್ದಳು, ಎದ್ದವಳು ಗೋಡೆ ಹಿಡಿದುಕೊಂಡು ನಿಂತಳು. ಆಗಲೇ ಕೊಟ್ಟಿಗೆಯ ಕಡೆಯಿಂದ ಏನೋ ಭಾರವಾದದ್ದು ಕುಸಿದ ಸದ್ದು, ಅದರ ಹಿಂದೆಯೇ ತಗಡಿನ ಬಾನಿ ಉರುಳಿದ ಸದ್ದು ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ಕೈಚೀಲವನ್ನು ಅಲ್ಲೇ ಬಿಟ್ಟು ಓಡಿದಳು.

ಕಡಸು ಮುಂಗಾಲು ಮಡಿಸಿ ಬಿದ್ದಿತ್ತು. ಕತ್ತು ಪಕ್ಕಕ್ಕೆ ತಿರುಗಿ, ಬಾಯಿಂದ ಅದೇ ಜೊಲ್ಲು, ತೊಡೆಯಲ್ಲಿ ಅದೇ ಅದುರು. ಅವನು ಬ್ಯಾಗು ತೆರೆದು ಸಿರಿಂಜಿಗೆ ಅಟ್ರೋಪಿನ್ ಏರಿಸಿ ಮೊದಲು ಸ್ವಲ್ಪವೇ ಕೊಟ್ಟ. ಇದೂ ಪುಸ್ತಕದಲ್ಲಿರುವುದೇ. ಬೇರೆ ಕಾಯಿಲೆಯಾಗಿದ್ದರೆ ಆ ಸ್ವಲ್ಪಕ್ಕೇ ಬಾಯಿ ಒಣಗುತ್ತದೆ, ಪಾಪೆ ಹಿಗ್ಗುತ್ತದೆ, ಎದೆ ಓಡತೊಡಗುತ್ತದೆ. ಇದೇ ವಿಷವಾಗಿದ್ದರೆ ಆ ಸ್ವಲ್ಪ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ಮೊಣಕಾಲೂರಿ ಕೂತು, ಕಡಸಿನ ಎದೆಗೆ ಸ್ಟೆತಸ್ಕೋಪು ಒತ್ತಿ ಕಾದ. ಅಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಜೊಲ್ಲು ಒಳ್ಳೆಯ ಸೀರೆಗೆಲ್ಲ ಹರಿಯುತ್ತಿದ್ದರೂ, ಏನಿಲ್ಲ ಕೂಸೇ ಏನಿಲ್ಲ ಎನ್ನುತ್ತಿದ್ದಳು. ಎದೆ ನಿಧಾನವಾಗಿ ಬಡಿಯುತ್ತಿತ್ತು. ಇನ್ನೂ ನಿಧಾನವಾಗಿಯೇ ಬಡಿಯುತ್ತಿತ್ತು. ಜೊಲ್ಲು ನಿಲ್ಲಲಿಲ್ಲ. ಹಾಗಾದರೆ ಅದೇ. ಅವನು ಪೂರ್ತಿ ಪ್ರಮಾಣ ಏರಿಸಿ ಚುಚ್ಚಿದ, ಚುಚ್ಚುತ್ತಲೇ ಹಲ್ಲು ಕಚ್ಚಿ ಯೋಚಿಸಿದ, ಏನು ತಿಂದಿದೆ ಇದು? ಕೋಸಿನ ಎಲೆ ಈ ಕೊಟ್ಟಿಗೆಗೆ ಆವತ್ತಿನಿಂದ ಬಿದ್ದಿಲ್ಲ. ಹುಲ್ಲು ಅವನೇ ತನ್ನ ಆಸ್ಪತ್ರೆಯ ಹತ್ತಿರದ ಅಂಗಡಿಯಿಂದ ತಂದು ಹಾಕಿದ್ದು. ನೀರು ಅಕ್ಕ ಕುಡಿಯುವ ಹಂಡೆಯದೇ, ಈಗ ತಾನೇ ಅವನೂ ಕುಡಿದು ಬಂದ. ಗೋಡೆಯ ಮೇಲೆ ಅಕ್ಕ ಮುಳ್ಳು ಹಾಕಿಸಿದ್ದಾಳೆ, ಆ ಕಡೆಯಿಂದ ಒಂದು ಎಲೆಯೂ ಹಾರಿ ಬರುವ ಹಾಗಿಲ್ಲ. ಬಾಯಿಗೆ ಹೋಗುವ ದಾರಿಯೆಲ್ಲ ಅವರಿಬ್ಬರೇ ಸೇರಿ ಕಾದಿದ್ದಾರೆ. ಆದರೂ ವಿಷ ಒಳಗೆ ಹೋಗಿದೆ. ಅವನಿಗೆ ಅಳು ಬರುವಂತಾಯಿತು, ಅಳುವಷ್ಟು ಸಿಟ್ಟು ಬಂತು, ಕಡಸಿನ ಮೇಲೂ ಬಂತು, ಬಾಯಿದ್ದೂ ಹೇಳದ ಜಾತಿ ಎಂದು.

ಕಳಿಸದೇ ಇದ್ದದ್ದನ್ನ ಎಲ್ಲಿಂದ ನೋಡೋದು. ಆ ಹುಡುಗಿ ಅಂದದ್ದು ಮತ್ತೆ ಕಿವಿಯಲ್ಲಿ ಕೇಳಿಸಿತು. ಮುಖದ ಬೆವರು ಒರೆಸಿಕೊಳ್ಳಲು ಮೊಣಕೈ ಎತ್ತಿದ, ಎತ್ತಿದ ಕೈ ಮೂಗಿನ ಹತ್ತಿರ ಬಂದಾಗ ವಾಸನೆ ಬಡಿಯಿತು. ಸೀಮೆಎಣ್ಣೆ, ಕೊಳೆತ ಬೆಳ್ಳುಳ್ಳಿ, ಎರಡೂ ಸೇರಿದ ಹಾಗೆ. ಆವತ್ತು ಹೊಟ್ಟೆ ಕೊಯ್ದಾಗ ಬಂದದ್ದೇ. ಆದರೆ ಇವತ್ತು ಅವನು ಯಾವ ಹೊಟ್ಟೆಯನ್ನೂ ಕೊಯ್ದಿಲ್ಲ. ಇಲ್ಲಿಗೆ ಬಂದ ಮೇಲೆ ಅವನು ಮುಟ್ಟಿದ್ದು ಕಡಸಿನ ಮೈಯನ್ನು ಮಾತ್ರ. ಮೊಣಕೈ ಒದ್ದೆಯಾಗಿತ್ತು, ಅದು ಬೆವರಲ್ಲ. ಬಗ್ಗಿ ಅದರ ಪಕ್ಕೆಗೆ ಮೂಗಿಟ್ಟ. ಕೂದಲು ಅಂಟಂಟಾಗಿ ಮಲಗಿತ್ತು, ವಾಸನೆ ಕಣ್ಣಿಗೆ ನೀರು ತರಿಸಿತು. ಆ ದಿನವೂ ಹೀಗೇ ಇತ್ತು ಹಾಗಾದರೆ, ಚರ್ಮದ ಮೇಲೇ ಇತ್ತು, ಚರ್ಮ ಹಿಡಿದ ಕೈಗವಸಿನಿಂದ ಹೊಟ್ಟೆಗೆ ಹೋಗಿ, ಹೊಟ್ಟೆಯಿಂದ ಮೂಗಿಗೆ ಬಂದಿತ್ತು, ಅವನು ಹೊಟ್ಟೆಯದೆಂದೇ ನಂಬಿ ಶೀಶೆ ತುಂಬಿದ್ದ. ಚರ್ಮದ ಒಂದು ಚೂರು, ಒಂದು ಹಿಡಿ ಕೂದಲು ಕಳಿಸಿದ್ದರೆ! ಕೊಯ್ಯಲು ಚಾಕು ಇಟ್ಟದ್ದೇ ಅದರ ಮೇಲೆ. ವಿಷವೆಂದರೆ ಬಾಯಿಂದ ಹೋಗುವುದೆಂದು ಯಾವ ಪುಸ್ತಕ ಹೇಳಿತ್ತು ಅವನಿಗೆ? ಯಾವ ಪುಸ್ತಕವೂ ಹೇಳಿರಲಿಲ್ಲ. ಏನು ತಿಂದಿತು ಎಂದು ಕೇಳಿ ಕೇಳಿ ಅಭ್ಯಾಸವಾದ ಬಾಯಿ ಅವನದು.

ಅಕ್ಕಾ, ಇದರ ಮೈಗೆ ಏನು ಹಚ್ಚಿದ್ದೀಯ ಎಂದು ಕೇಳಿದ. ಆದಷ್ಟು ಮೆಲ್ಲಗೆ ಕೇಳಿದ. ಅವಳು ಕಡಸಿನ ಹಣೆ ನೇವರಿಸುತ್ತಲೇ ಹೇಳಿದಳು. ಉಣ್ಣಿಗೆ ಹಚ್ಚಿದ್ದು, ಬೆಳಿಗ್ಗೆ. ಪಾಪ, ಮೈ ತುಂಬ ಉಣ್ಣಿ, ರಕ್ತ ಹೀರಿ ಹೀರಿ ಹುಣಸೆಬೀಜದಷ್ಟಾಗಿದ್ದವು, ಗಬ್ಬದ ದನ ಎಷ್ಟು ತಡೆದೀತು? ನಿಮ್ಮ ಭಾವ ಇದ್ದಾಗ ಅವರೇ ಹಚ್ಚುತ್ತಿದ್ದರು, ಬದನೆಗಿಡಕ್ಕೆ ತಂದದ್ದನ್ನೇ ನೀರಿಗೆ ಬೆರೆಸಿ, ಎಂದಳು. ಇನ್ನೂ ಅರ್ಧ ಶೀಶೆ ಇದೆ. ಎಷ್ಟು ಬೆರೆಸುತ್ತಿದ್ದರೋ ನೋಡಿಕೊಂಡಿರಲಿಲ್ಲ, ನೀರು ಜಾಸ್ತಿಯಾದರೆ ಹಿಡಿಯುವುದಿಲ್ಲವೆಂದು ಸ್ವಲ್ಪ ಗಟ್ಟಿಯಾಗೇ ಮಾಡಿದೆ. "ಕೈಗೆ ಉರಿ ಬರುತ್ತೆ ಅಂತ ಕವರ್ ಕಟ್ಕೊಂಡು ಹಚ್ಚಿದೆ." ಹಾಗೆಂದು ತೊಲೆಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕವರನ್ನೂ, ಅದರ ಪಕ್ಕದ ಒದ್ದೆ ಬಟ್ಟೆಯನ್ನೂ ತೋರಿಸಿದಳು. ಆ ಮೂರಕ್ಕೂ ಹಚ್ಚಿದ್ದೆಯಾ ಎಂದು ಅವನು ಕೇಳಲಿಲ್ಲ, ಅವಳೇ ಹೇಳಿದಳು, ಆವತ್ತಿನ ಹಿಂದಿನ ಸಂಜೆ ಎಲ್ಲಕ್ಕೂ ಹಚ್ಚಿದ್ದೆ, ಇದರ ಸರದಿ ಬರುವಾಗ ಬೆರೆಸಿದ್ದು ಮುಗಿದೇ ಹೋಗಿತ್ತು, ಬರೀ ಬಟ್ಟೆ ಆಡಿಸಿದೆ ಅಷ್ಟೇ, ಅದಕ್ಕೇ ನೋಡು ಇದರ ಮೈಯಲ್ಲೇ ಮತ್ತೆ ಉಣ್ಣಿ ಬಂತು. ತನ್ನ ಮಾತಿನೊಳಗೆ ಏನಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವನಿಗೆ ನೆನಪಾಯಿತು. ಮಳೆಗಾಲಕ್ಕೆ ಮೊದಲು ಅವಳು ಫೋನಿನಲ್ಲಿ ಉಣ್ಣಿ ಔಷಧಿ ಕೇಳಿದ್ದಳು. ಆಸ್ಪತ್ರೆಯಲ್ಲಿ ಸ್ಟಾಕಿಲ್ಲ, ಬಂದಾಗ ತಂದುಕೊಡುತ್ತೇನೆ ಎಂದಿದ್ದ. ಬಂದಿತ್ತು. ಡಬ್ಬಿಗಟ್ಟಲೆ ಬಂದು, ಬಂದವರಿಗೆಲ್ಲ ಹಂಚಿ, ಈಗಲೂ ಅವನ ಮೇಜಿನ ಹಿಂದಿನ ಕಪಾಟಿನಲ್ಲಿ ಉಳಿದಿದೆ. ನಾಳೆ ನಾಳೆ ಎಂದು ಮರೆತದ್ದು. ಮೊದಲೇ ತಂದುಕೊಟ್ಟಿದ್ದರೆ ಆ ಶೀಶೆಯನ್ನು ಅವಳು ಮುಟ್ಟುತ್ತಲೇ ಇರಲಿಲ್ಲ.

ಹೇಳಬೇಕಿತ್ತು. ಮೂರು ಹಸುವನ್ನೂ ಕೊಂದದ್ದು ನೀನೇ ಎಂದು ಹೇಳಬೇಕಿತ್ತು, ಚಾಕು ಒರೆಸುತ್ತ ಆವತ್ತು ಸಲೀಸಾಗಿ ಹೇಳಿದ ಹಾಗೆ. ಹೇಳದೆ ಬಿಟ್ಟರೆ? ಕಡಸಿಗೆ ಏನೋ ಜ್ವರ ಎಂದು, ಮೈ ತಣ್ಣಗಾಗಲಿ ಎಂದು ಹೇಳಿ ತೊಳೆಸಿ, ಶೀಶೆಯನ್ನು ಕದ್ದುಕೊಂಡು ಹೋದರೆ? ಅವಳು ಇವತ್ತು ರಾತ್ರಿ ನೆಮ್ಮದಿಯಾಗಿ ಮಲಗುತ್ತಾಳೆ, ಆ ಮನೆಯವರು ಸಾಯುವ ತನಕ ದನ ಕೊಂದವರಾಗಿ ಬದುಕುತ್ತಾರೆ. ಅದು ಆಗದ ಮಾತು. ಆದರೂ ಅವನು ಅದನ್ನು ಒಂದು ಗಳಿಗೆ ಯೋಚಿಸಿದ. ಅಕ್ಕನ ಮುಖ ನೋಡಿ ಯೋಚಿಸಿದ. ಈಗ ಮಾತಿಗೆ ಹೊತ್ತಿಲ್ಲ, ಚರ್ಮದ ಮೇಲಿರುವುದು ಇನ್ನೂ ಒಳಗೆ ಇಳಿಯುತ್ತಲೇ ಇದೆ ಎಂದು ತನಗೇ ಹೇಳಿಕೊಂಡು, ಸೋಪು ತಾ, ನೀರು ತಾ, ಇದನ್ನು ಪೂರ್ತಿ ತೊಳೆಯಬೇಕು ಎಂದು ಎದ್ದ. ಮೊದಲು ನಿನ್ನ ಕೈ ತೊಳೆದುಕೋ, ಆ ಸೀರೆಯನ್ನೂ ಬದಲಾಯಿಸು ಎಂದ. ಹಂಡೆಯಲ್ಲಿದ್ದದ್ದು ನಾಲ್ಕು ಚೊಂಬು ನೀರು. ಈ ಕಡೆಯ ನಲ್ಲಿಗೆ ಸಂಜೆಯ ಮೇಲೇ ನೀರು ಬರುವುದು. ಮೋಟಾರು ಇದ್ದದ್ದು ಗೋಡೆಯ ಆ ಕಡೆ.

ಅವನು ಮುಳ್ಳಿನ ಮೇಲಿಂದ ಚಿಕ್ಕಕ್ಕನನ್ನು ಕೂಗಿದ. ಕೂಗಬೇಡ ಎಂದಳು ಅಕ್ಕ, ಅವಳ ನೀರು ನನಗೆ ಬೇಡ, ಅವಳ ನೀರಿನಲ್ಲಿ ಏನಿದೆಯೋ ಎಂದಳು. ಅವನು ಮತ್ತೆ ಕೂಗಿದ, ಚಿಕ್ಕಕ್ಕಾ, ಕಡಸು ಬಿದ್ದಿದೆ, ನೀರು ಬೇಕು. ಬರದಿದ್ದರೆ ತಪ್ಪೇನು, ಯಾವ ಮುಖದಲ್ಲಿ ಕೇಳುತ್ತಿದ್ದೇನೆ ನಾನು ಎಂದುಕೊಳ್ಳುವಷ್ಟರಲ್ಲಿ ಮೋಟಾರು ಗುಂಯ್ ಎಂದಿತು. ಚಿಕ್ಕಕ್ಕ ಹಿತ್ತಲಿನ ಸಣ್ಣ ಬಾಗಿಲಿನಿಂದ ಪೈಪು ಎಳೆದುಕೊಂಡು ಬಂದಳು, ಇನ್ನೊಂದು ಕೈಯಲ್ಲಿ ಬಟ್ಟೆಸೋಪಿನ ಉದ್ದ ತುಂಡು. ಅಕ್ಕನನ್ನು ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಎಲ್ಲಿಂದ ಶುರು ಮಾಡ್ಲಿ ಎಂದು ಕಡಸನ್ನು ನೋಡಿ ಕೇಳಿದಳು. ಅವನು ಬ್ಯಾಗಿನಿಂದ ಒಂದು ಜೊತೆ ಕೈಗವಸು ತೆಗೆದು ಅವಳಿಗೆ ಕೊಟ್ಟು, ತಾನೂ ಹಾಕಿಕೊಂಡ. ಬೆನ್ನಿನಿಂದ ಕೆಳಕ್ಕೆ, ಕೂದಲಿನ ಬುಡದವರೆಗೂ ನೊರೆ ಹೋಗಬೇಕು, ಕಣ್ಣಿಗೆ ಹಾರಿಸಿಕೊಳ್ಳಬೇಡ ಎಂದ. ಪೈಪಿನ ನೀರು ಬಿದ್ದಾಗ ಕಡಸು ಒಮ್ಮೆ ಮೈ ಝಾಡಿಸಿತು. ನೊರೆ ಹಳದಿಯಾಗಿ ಇಳಿದು ಕೊಟ್ಟಿಗೆಯ ಕಾಲುವೆಯಲ್ಲಿ ಹರಿಯಿತು, ವಾಸನೆ ಎದ್ದು ಮೂವರಿಗೂ ಕೆಮ್ಮು ಬಂತು. ಚಿಕ್ಕಕ್ಕ ತಿಕ್ಕುತ್ತಿದ್ದವಳು ನಿಂತು, ಕೈಗವಸಿನ ಬೆರಳನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದಳು. ವರ್ಷಗಟ್ಟಲೆ ತೋಟಕ್ಕೆ ಔಷಧಿ ಹೊಡೆದವನ ಹೆಂಡತಿ ಅವಳು. ಅವನನ್ನು ನೋಡಿದಳು. ಅವನು ತಲೆ ತಗ್ಗಿಸಿದ. ಅವಳಿಗೆ ಎಲ್ಲ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು. ಅವಳು ಈಗ ಬಾಯಿ ತೆರೆದು ಓಣಿಗೆಲ್ಲ ಕೇಳುವಂತೆ ಕೂಗಿದ್ದರೂ ನ್ಯಾಯವೇ. ಅವಳು ಮತ್ತೆ ಬಗ್ಗಿ ತಿಕ್ಕತೊಡಗಿದಳು.

ಅಕ್ಕ ಸೀರೆ ಬದಲಾಯಿಸಿ ಬಂದು ಕಂಬಕ್ಕೆ ಒರಗಿ ನಿಂತಿದ್ದಳು. ಚುಚ್ಚುಮದ್ದು ಕೊಟ್ಟೆಯಲ್ಲ, ಇಷ್ಟು ಯಾಕೆ ತೊಳೆಯುತ್ತಿದ್ದೀರಿ, ಗಬ್ಬದ ದನಕ್ಕೆ ಶೀತವಾಗುವುದಿಲ್ಲವೇ ಎಂದಳು. ಅವನು ನೀರು ಹೊಯ್ಯುತ್ತಲೇ ಇದ್ದ. ಅವಳು ಕಾಲುವೆಯಲ್ಲಿ ಹೋಗುವ ನೊರೆಯನ್ನು ನೋಡುತ್ತ ಮತ್ತೆ ಕೇಳಿದಳು.

"ತಿಂದಿದ್ದಕ್ಕೆ ಮೈ ಯಾಕೋ ತೊಳೀಬೇಕು?"

ತಿಂದದ್ದಲ್ಲ ಅಕ್ಕಾ ಎಂದು ಅವನು ಹೇಳಿದ. ದನಿ ಅವನದೇ ಅಲ್ಲದಂತೆ ಸಣ್ಣಗೆ ಬಂತು. ಇನ್ನೂ ಹೇಳಬೇಕಿತ್ತು, ಕಪಾಟಿನ ಡಬ್ಬಿಗಳ ವಿಷಯ ಹೇಳಬೇಕಿತ್ತು, ತಪ್ಪು ನಿನ್ನದೊಂದೇ ಅಲ್ಲ ಎಂದು ಹೇಳಬೇಕಿತ್ತು. ಅವನು ಅವಳ ಕಡೆ ನೋಡಲಾರದೆ ಕಡಸಿನ ಬಾಯಿಯನ್ನು ನೋಡಿದ, ಜೊಲ್ಲು ತೆಳ್ಳಗಾಗಿತ್ತು, ಪೂರ್ತಿ ನಿಂತಿರಲಿಲ್ಲ. ಅಕ್ಕ ತೊಲೆಗೆ ಸಿಕ್ಕಿಸಿದ್ದ ಬಟ್ಟೆಯನ್ನು ನೋಡಿದಳು. ಆಮೇಲೆ ಖಾಲಿಯಾದ ಮೂರು ಗೂಟಗಳನ್ನು ನೋಡಿದಳು. ಒಂದೊಂದರ ಮುಂದೆಯೂ ಅವಳ ಕಣ್ಣು ನಿಂತು ನಿಂತು ಮುಂದಕ್ಕೆ ಹೋಯಿತು. ಅವಳು ಅಳುತ್ತಾಳೆಂದು, ಕೂಗುತ್ತಾಳೆಂದು, ಬೀಳುತ್ತಾಳೆಂದು ಅವನು ಕಾದ. ಹಿಡಿಯಲು ಸಿದ್ಧನಾಗಿ ಪೈಪನ್ನು ಒಂದು ಕೈಗೆ ತಂದುಕೊಂಡ. ಅವಳು ಬೀಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂದು ಕಡಸಿನ ಹಿಂಗಾಲಿನ ಬಳಿ ಕುಕ್ಕರಗಾಲಲ್ಲಿ ಕೂತಳು. ಕೈಗವಸು ಹಾಕಿಕೊಳ್ಳದೆ ಮುಟ್ಟಬೇಡ ಎಂದು ಅವನು ಕೊಟ್ಟದ್ದನ್ನು ಹಾಕಿಕೊಂಡು, ಎರಡೂ ಕೈಯಿಂದ ಹಿಂಗಾಲನ್ನು ಎತ್ತಿ ಹಿಡಿದಳು. ಅಷ್ಟು ದಿನದ ಮೇಲೆ ಮೊದಲ ಸಲ, ಮುಖ ನೋಡದೆ, ವಾರಗಿತ್ತಿಗೆ ಹೇಳಿದಳು.

"ತೊಡೆಸಂದೀಲಿ ಚೆನ್ನಾಗಿ ತಿಕ್ಕೇ. ಅಲ್ಲೇ ಜಾಸ್ತಿ ಹಚ್ಚಿದ್ದೆ."

ಚಿಕ್ಕಕ್ಕ ಸೋಪು ತೆಗೆದುಕೊಂಡು ಆ ಕಡೆಗೆ ಬಗ್ಗಿದಳು.